ಮನೆತನ, ಕಂಪನಿ, ಸಮಾಜ: ಜಪಾನಿನ ಉದ್ಯಮ ಸಂಸ್ಕೃತಿಯ ಸಮೀಕ್ಷೆ

ಜಪಾನಿನ ಉದ್ಯಮದ ಬೇರು ಅಲ್ಲಿನ ಮನೆತನದಲ್ಲಿದೆ. ‘ಇಎ’ ಎಂದು ಕರೆಸಿಕೊಳ್ಳುವ ಈ ಮನೆತನ ರಕ್ತಸಂಬಂಧಿಗಳ ಗುಂಪಷ್ಟೇ ಆಗಿರಲಿಲ್ಲ. ಹೊಲ, ಅಂಗಡಿ, ಕಸುಬು, ಹೆಸರು, ಸಾಲ, ಹಿರಿಯರ ಪೂಜೆ ಎಲ್ಲವೂ ಸೇರಿ ಅದು ಒಂದು ಸಂಸ್ಥೆಯೇ ಆಗಿತ್ತು. ತನ್ನ ಕಾಲ ಮುಗಿಯುವವರೆಗೆ ಅದನ್ನು ನೋಡಿಕೊಂಡು ಮುಂದಿನವರ ಕೈಗೆ ಒಪ್ಪಿಸುವುದು ಯಜಮಾನನ ಹೊಣೆ. ಹೆತ್ತ ಮಗ ದಡ್ಡನೋ ದುಂದುಗಾರನೋ ಆದರೆ ಅವನನ್ನು ಬದಿಗೆ ಸರಿಸಿ, ಅಂಗಡಿಯಲ್ಲೇ ಪಳಗಿದ ಗುಮಾಸ್ತನಿಗೆ ಮಗಳನ್ನು ಕೊಟ್ಟು, ಮನೆಯ ಹೆಸರನ್ನೂ ಅವನಿಗೇ ಕೊಟ್ಟು ದತ್ತು ತೆಗೆದುಕೊಳ್ಳುವುದು ವರ್ತಕರ ಮನೆಗಳಲ್ಲಿ ಮಾಮೂಲಾಗಿತ್ತು. ಈ ಪದ್ಧತಿ ಹಳೆಯ ಕಾಲಕ್ಕೇ ಮುಗಿಯಲಿಲ್ಲ. ಭಾರತಕ್ಕೆ ಮಾರುತಿ ಕಾರು ಬರಲು ಕಾರಣರಾದ ಒಸಾಮು ಸುಜುಕಿ ಹುಟ್ಟಿನಿಂದ ಮತ್ಸುದಾ ಮನೆತನದವರು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಅವರು ಸುಜುಕಿ ಕಂಪನಿಯ ಸ್ಥಾಪಕರ ಮೊಮ್ಮಗಳನ್ನು ಮದುವೆಯಾಗಿ, ಹೆಸರು ಬದಲಿಸಿಕೊಂಡು, 1958ರಲ್ಲಿ ಕಂಪನಿ ಸೇರಿದರು. 1978ರಲ್ಲಿ ಅದರ ಅಧ್ಯಕ್ಷರಾದರು.

ಹೆಸರು ಉಳಿಯಬೇಕು, ಕಸುಬು ನಡೆಯಬೇಕು ಎಂಬ ಈ ಹಟದಿಂದಲೇ ಜಪಾನಿನಲ್ಲಿ ಶತಮಾನ ದಾಟಿದ ಅಂಗಡಿಗಳು ಸಾವಿರಾರು ಸಂಖ್ಯೆಯಲ್ಲಿವೆ. ದೇವಾಲಯ ಕಟ್ಟುವ ಬಡಗಿಗಳ ಸಂಸ್ಥೆ ಕೊಂಗೊ ಗುಮಿ ತನ್ನ ಆರಂಭವನ್ನು ಕ್ರಿ.ಶ. 578ರಿಂದ ಎಣಿಸುತ್ತದೆ. ಒಸಾಕಾದ ಶಿತೆನ್ನೋಜಿ ಬೌದ್ಧ ದೇವಾಲಯ ಅದರ ಮೊದಲ ಕೆಲಸ. ಭೂಕಂಪ, ಬೆಂಕಿ, ಯುದ್ಧಗಳನ್ನು ದಾಟಿ ಬಂದ ಈ ಮನೆತನ ಕೊನೆಗೆ ಸೋತದ್ದು ರಿಯಲ್ ಎಸ್ಟೇಟ್ ಸಾಲಕ್ಕೆ. 2006ರಲ್ಲಿ ಅದು ತಕಮತ್ಸು ಎಂಬ ಕಟ್ಟಡ ಕಂಪನಿಯ ಅಂಗಸಂಸ್ಥೆಯಾಯಿತು.

ಮನೆಯ ಆಚೆ ಇದ್ದದ್ದು ಭತ್ತದ ಹಳ್ಳಿ. ಬೆಟ್ಟಗಳೇ ಹೆಚ್ಚಾಗಿರುವ ನಾಡಿನಲ್ಲಿ ಉಳಲು ಸಿಗುವ ನೆಲ ಕಡಿಮೆ. ಗದ್ದೆಗೆ ನೀರು ಬರಬೇಕಾದರೆ ಮೇಲಿನವರು ಕೆಳಗಿನವರು ಕೂಡಿ ಕಾಲುವೆ ಕಾಯಬೇಕು. ಕಟ್ಟುಪಾಡು ಮುರಿದ ಮನೆಯನ್ನು ಊರವರು ಬಹಿಷ್ಕರಿಸುತ್ತಿದ್ದರು. ಬೆಂಕಿ ಬಿದ್ದಾಗ, ಸಾವಾದಾಗ ಮಾತ್ರ ನೆರವಿಗೆ ಹೋಗುತ್ತಿದ್ದರು. ಗುಂಪಿನ ಜೊತೆ ಹೊಂದಿಕೊಂಡು ಹೋಗುವುದನ್ನು ಜಪಾನಿಯರ ಹುಟ್ಟುಗುಣ ಎಂದು ಹಲವರು ಹೊಗಳುತ್ತಾರೆ. ಆ ಗುಣದ ಹಿಂದೆ ಇಂಥ ಭಯವೂ ಇತ್ತು ಎಂಬುದನ್ನು ಮರೆಯುವಂತಿಲ್ಲ.

ತೊಕುಗಾವಾ ಮನೆತನದ ಸೇನಾಧಿಪತಿಗಳಾದ ಶೋಗುನ್‌ಗಳ ಆಳ್ವಿಕೆಯಲ್ಲಿ, ಅಂದರೆ 1603ರಿಂದ 1868ರವರೆಗೆ, ಸಮಾಜದ ಮೆಟ್ಟಿಲುಗಳು ಗಟ್ಟಿಯಾಗಿದ್ದವು. ಮೇಲೆ ಯೋಧ ವರ್ಗದ ಸಮುರಾಯಿ, ಅನಂತರ ರೈತ, ಕುಶಲಕರ್ಮಿ, ಎಲ್ಲರಿಗಿಂತ ಕೆಳಗೆ ವರ್ತಕ. ಏನನ್ನೂ ಬೆಳೆಯದೆ, ಏನನ್ನೂ ಮಾಡದೆ ಲಾಭ ತಿನ್ನುವವನು ಎಂಬ ತಾತ್ಸಾರ ವರ್ತಕನ ಮೇಲಿತ್ತು. ಇದಕ್ಕೆ ಉತ್ತರ ಹುಡುಕಿದವರು ಕ್ಯೋಟೊ ನಗರದ ಬಟ್ಟೆ ಅಂಗಡಿಯಲ್ಲಿ ದುಡಿದಿದ್ದ ಇಶಿದಾ ಬೈಗನ್. 1729ರಲ್ಲಿ ಅವರು ತಮ್ಮ ಮನೆಯಲ್ಲೇ ಉಪನ್ಯಾಸ ಆರಂಭಿಸಿದರು. ಯಾರು ಬೇಕಾದರೂ ಬರಬಹುದಿತ್ತು, ಶುಲ್ಕವಿರಲಿಲ್ಲ. ಸಮುರಾಯಿಗೆ ಸಂಬಳ ಹೇಗೆ ನ್ಯಾಯವೋ ವರ್ತಕನಿಗೆ ಲಾಭವೂ ಹಾಗೆಯೇ ನ್ಯಾಯ, ಆದರೆ ಅದು ಪ್ರಾಮಾಣಿಕತೆ ಮತ್ತು ಮಿತವ್ಯಯದಿಂದ ಬಂದಿರಬೇಕು ಎಂಬುದು ಅವರ ಬೋಧನೆಯ ತಿರುಳು. ಬೌದ್ಧ, ಶಿಂತೊ, ಕನ್‌ಫ್ಯೂಷಿಯಸ್ ಮೂರರಿಂದಲೂ ಬೇಕಾದಷ್ಟನ್ನು ಆಯ್ದುಕೊಂಡ ಬೋಧನೆ ಅದು. ಮಾರುವವನಿಗೆ, ಕೊಳ್ಳುವವನಿಗೆ, ಊರಿಗೆ ಮೂವರಿಗೂ ಒಳಿತಾಗುವ ವ್ಯಾಪಾರವೇ ವ್ಯಾಪಾರ ಎಂಬ ಓಮಿ ಪ್ರಾಂತದ ವರ್ತಕರ ನೀತಿಯನ್ನು ಇಂದಿಗೂ ಕಂಪನಿಗಳು ತಮ್ಮ ವಾರ್ಷಿಕ ವರದಿಗಳಲ್ಲಿ ಎತ್ತಿ ಹೇಳುತ್ತವೆ. ನೀತಿಯ ಜೊತೆಗೆ ಜಾಣತನವೂ ಬೆಳೆಯಿತು. ಶ್ರೀಮಂತರ ಮನೆಗೆ ಬಟ್ಟೆ ಹೊತ್ತು, ಉದ್ದರಿ ಕೊಟ್ಟು, ಚೌಕಾಸಿ ಮಾಡಿ ಮಾರುವ ಪದ್ಧತಿ ಇದ್ದ ಕಾಲದಲ್ಲಿ ಮಿತ್ಸುಯಿ ತಕತೋಶಿ 1673ರಲ್ಲಿ ಎದೊ (ಇಂದಿನ ಟೋಕಿಯೊ) ನಗರದಲ್ಲಿ ಅಂಗಡಿ ತೆರೆದು, ನಗದು ವ್ಯಾಪಾರ, ಎಲ್ಲರಿಗೂ ಒಂದೇ ಬೆಲೆ ಎಂದು ಸಾರಿದರು. ಮಿತ್ಸುಯಿ ಉದ್ಯಮ ಸಮೂಹ ಬೆಳೆದದ್ದು ಆ ಅಂಗಡಿಯಿಂದ.

ಶೋಗುನ್ ಆಳ್ವಿಕೆಯನ್ನು ಕೊನೆಗಾಣಿಸಿದ 1868ರ ಮೇಜಿ ಕ್ರಾಂತಿಯ ಬಳಿಕ ಸಮುರಾಯಿಗಳ ಕತ್ತಿಯೂ ಸಂಬಳವೂ ಹೋದವು. ಓದು ಬರಹ ಬಲ್ಲ, ಶಿಸ್ತಿಗೆ ಒಗ್ಗಿದ ಈ ವರ್ಗದ ಹಲವರು ಸರ್ಕಾರಿ ಕಚೇರಿಗೆ, ಬ್ಯಾಂಕಿಗೆ, ಕಾರ್ಖಾನೆಗೆ ಬಂದರು. ಅವರಿಗೆ ವ್ಯಾಪಾರ ಕೀಳಲ್ಲ ಎಂದು ಮನವರಿಕೆ ಮಾಡಿಕೊಟ್ಟವರಲ್ಲಿ ಎಯಿಚಿ ಶಿಬುಸಾವಾ (1840–1931) ಮುಖ್ಯರು. ರೈತ ಮನೆಯಲ್ಲಿ ಹುಟ್ಟಿ, ಶೋಗುನ್‌ ಸೇವೆ ಸೇರಿ, 1867ರಲ್ಲಿ ಪ್ಯಾರಿಸ್ ಕಂಡು ಬಂದ ಅವರು ಬ್ಯಾಂಕು, ಕಾಗದ, ಬಟ್ಟೆ, ವಿಮೆ, ರೈಲು ಎಂದು ಸುಮಾರು 500 ಸಂಸ್ಥೆಗಳ ಹುಟ್ಟಿಗೆ ನೆರವಾದರು. ಕನ್‌ಫ್ಯೂಷಿಯಸ್‌ನ ನೀತಿ ಮತ್ತು ಲೆಕ್ಕದ ಮಣಿಚೌಕಟ್ಟು ಒಟ್ಟಿಗೆ ಇರಬೇಕು ಎಂಬುದು ಅವರ ಪುಸ್ತಕವೊಂದರ ಶೀರ್ಷಿಕೆಯೂ ಹೌದು, ಜೀವನದ ನಿಲುವೂ ಹೌದು. 1893ರಲ್ಲಿ ಜಪಾನಿಗೆ ಹೋದ ಜಮ್ಷೆಡ್‌ಜಿ ಟಾಟಾ ಇವರನ್ನು ಕಂಡರು. ಅದೇ ವರ್ಷ ನಿಪ್ಪೊನ್ ಯೂಸೆನ್ ಕಂಪನಿಯ ಹಡಗುಗಳು ಬೊಂಬಾಯಿಯಿಂದ ಹತ್ತಿ ಸಾಗಿಸತೊಡಗಿದವು. 2024ರ ಜುಲೈನಿಂದ ಜಪಾನಿನ 10,000 ಯೆನ್ ನೋಟಿನ ಮೇಲೆ ಶಿಬುಸಾವಾ ಅವರ ಮುಖವಿದೆ.

ಇಷ್ಟನ್ನು ಓದಿದವರು ಜಪಾನಿ ಕಂಪನಿಯ ಆಜೀವ ನೌಕರಿ, ಮಾಲೀಕ–ಕಾರ್ಮಿಕರ ಸಾಮರಸ್ಯ ಎಲ್ಲವೂ ಇದೇ ಪರಂಪರೆಯಿಂದ ನೇರವಾಗಿ ಇಳಿದು ಬಂದವು ಎಂದುಕೊಳ್ಳುವುದು ಸಹಜ. ಇತಿಹಾಸ ಹಾಗೆ ಹೇಳುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಜಪಾನಿನ ಕಾರ್ಮಿಕರು ಹೆಚ್ಚು ಕೂಲಿ ಸಿಕ್ಕಲ್ಲಿಗೆ ಹಾರುತ್ತಿದ್ದರು. ರೇಷ್ಮೆ ಮತ್ತು ಹತ್ತಿ ಗಿರಣಿಗಳಲ್ಲಿ ಹಳ್ಳಿಯ ಹುಡುಗಿಯರನ್ನು ಮುಂಗಡ ಸಾಲದ ಕರಾರಿನಲ್ಲಿ ಕೂಡಿಹಾಕಿ ದುಡಿಸಲಾಗುತ್ತಿತ್ತು. ಎರಡನೇ ಮಹಾಯುದ್ಧದ ನಂತರವಂತೂ ಮುಷ್ಕರಗಳ ಸುಗ್ಗಿ. ಸಾಮರಸ್ಯಕ್ಕೆ ಹೆಸರಾದ ಟೊಯೋಟಾ ಕಂಪನಿಯೇ 1950ರಲ್ಲಿ ದಿವಾಳಿಯ ಅಂಚಿಗೆ ಬಂದು ಸುಮಾರು 2,000 ಜನರನ್ನು ಕೆಲಸದಿಂದ ತೆಗೆಯಿತು. ಅದಕ್ಕೆ ಹೊಣೆ ಹೊತ್ತು ಸ್ಥಾಪಕ ಕಿಯಿಚಿರೊ ಟೊಯೋಡಾ ಅಧ್ಯಕ್ಷ ಸ್ಥಾನ ಬಿಟ್ಟರು. 1953ರಲ್ಲಿ ನಿಸ್ಸಾನ್, 1960ರಲ್ಲಿ ಮಿಯಿಕೆ ಕಲ್ಲಿದ್ದಲು ಗಣಿ ದೊಡ್ಡ ಹೋರಾಟಗಳನ್ನು ಕಂಡವು. ಈ ಗುದ್ದಾಟದಲ್ಲಿ ಎರಡೂ ಕಡೆಯವರು ದಣಿದ ಮೇಲೆ ಆದ ರಾಜಿಯೇ ಆಜೀವ ನೌಕರಿ, ಸೇವಾ ಹಿರಿತನಕ್ಕೆ ತಕ್ಕ ಸಂಬಳ, ಕಂಪನಿಗೊಂದು ಕಾರ್ಮಿಕ ಸಂಘ ಎಂಬ ಮೂರು ಕಂಬಗಳ ವ್ಯವಸ್ಥೆ. ಅಮೆರಿಕದ ಜೇಮ್ಸ್ ಅಬೆಗ್ಲೆನ್ 1958ರ ತಮ್ಮ ಪುಸ್ತಕದಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದಾಗ ಅದು ಇನ್ನೂ ಎಳೆಯ ವ್ಯವಸ್ಥೆ. ಅದೂ ದೊಡ್ಡ ಕಂಪನಿಗಳ ಕಾಯಂ ಗಂಡು ನೌಕರರಿಗೆ ಮಾತ್ರ. ಮನೆತನದ ಭಾಷೆ ಹಳೆಯದು, ಒಪ್ಪಂದ ಹೊಸದು. ಸಂಸ್ಕೃತಿ ಒದಗಿಸಿದ್ದು ಕಚ್ಚಾ ಸಾಮಗ್ರಿಯನ್ನು. ಅದರಿಂದ ಏನು ಕಟ್ಟಬೇಕೆಂದು ತೀರ್ಮಾನಿಸಿದ್ದು ಆಯಾ ಕಾಲದ ಗರಜು.

ಕಾರ್ಖಾನೆಯ ಒಳಗಿನ ಕೆಲಸದ ಕ್ರಮಕ್ಕೂ ಇದೇ ಮಾತು ಸಲ್ಲುತ್ತದೆ. ಟೊಯೋಟಾ ಉತ್ಪಾದನಾ ಪದ್ಧತಿಯ ಒಂದು ಮೂಲ ಸಕಿಚಿ ಟೊಯೋಡಾ ಅವರ ಮಗ್ಗ: ನೂಲು ಹರಿದ ತಕ್ಷಣ ತಾನೇ ನಿಲ್ಲುವ ಸ್ವಯಂಚಾಲಿತ ಯಂತ್ರ. ಇನ್ನೊಂದು ಮೂಲ ಅಮೆರಿಕದ ಸೂಪರ್ ಮಾರ್ಕೆಟ್. ಗಿರಾಕಿ ತೆಗೆದುಕೊಂಡು ಹೋದಷ್ಟನ್ನು ಮಾತ್ರ ಅಂಗಡಿಯವನು ಮತ್ತೆ ತುಂಬುವ ಕ್ರಮ ತೈಯಿಚಿ ಓನೊ ಎಂಬ ಎಂಜಿನಿಯರ್‌ಗೆ ಹಿಡಿಸಿತು. ಬಂಡವಾಳವೂ ಜಾಗವೂ ಇಲ್ಲದ ಯುದ್ಧಾನಂತರದ ಜಪಾನಿನಲ್ಲಿ ಗೋದಾಮಿನ ತುಂಬ ಬಿಡಿಭಾಗ ಪೇರಿಸಿಡುವುದು ಸಾಧ್ಯವೇ ಇರಲಿಲ್ಲ. ಹಾಗಾಗಿ ಭಾಗದ ಸಂಖ್ಯೆ, ಎಷ್ಟು ಬೇಕು, ಎಲ್ಲಿಂದ ಎಲ್ಲಿಗೆ ಎಂದು ಬರೆದ ‘ಕಾನ್‌ಬಾನ್’ ಚೀಟಿ ಬಂದಾಗ ಮಾತ್ರ ಹಿಂದಿನ ವಿಭಾಗ ಕೆಲಸ ಮಾಡತೊಡಗಿತು. ಜೋಡಣೆ ಸಾಲಿನಲ್ಲಿ ನಿಂತ ಕಾರ್ಮಿಕನಿಗೆ ಒಂದು ಬೋಲ್ಟ್ ಸರಿಯಾಗಿ ಕೂತಿಲ್ಲ ಎನಿಸಿದರೆ ತಲೆಯ ಮೇಲೆ ತೂಗುವ ಹಗ್ಗ ಎಳೆಯುತ್ತಾನೆ. ಫಲಕದಲ್ಲಿ ಅವನ ಜಾಗದ ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಕಾರು ನಿಗದಿತ ಗೆರೆ ದಾಟುವುದರೊಳಗೆ ತೊಂದರೆ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಅತ್ಯಂತ ಕೆಳಗಿನ ಕೆಲಸಗಾರನಿಗೆ ಕಾರ್ಖಾನೆಯನ್ನೇ ನಿಲ್ಲಿಸುವ ಅಧಿಕಾರ ಕೊಟ್ಟದ್ದು ಈ ಪದ್ಧತಿಯ ನಿಜವಾದ ಹೊಸತನ. ಕೆಲಸ ಹೋಗುವ ಭಯವಿದ್ದವನು ಆ ಹಗ್ಗ ಎಳೆಯಲಾರ. ತಾಂತ್ರಿಕ ಪದ್ಧತಿಗೂ ಆಜೀವ ನೌಕರಿಗೂ ಇರುವ ನಂಟು ಇಲ್ಲಿದೆ.

ಗುಣಮಟ್ಟದ ಪಾಠವೂ ಹೊರಗಿನದೇ. ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೂ ಮೇಲಧಿಕಾರಿಗಳಿಗೂ ಉಪನ್ಯಾಸ ಕೊಟ್ಟರು. ಮರುವರ್ಷವೇ ಅವರ ಹೆಸರಿನಲ್ಲಿ ಪ್ರಶಸ್ತಿ ಆರಂಭವಾಯಿತು. ತಾಯ್ನಾಡಿನಲ್ಲಿ ಅವರಿಗೆ ಮನ್ನಣೆ ಸಿಕ್ಕಿದ್ದು ಸುಮಾರು ಮೂವತ್ತು ವರ್ಷಗಳ ನಂತರ. ಜಪಾನಿನ ಸ್ವಂತ ಕೊಡುಗೆ ಈ ಅಂಕಿಅಂಶಗಳನ್ನು ತಜ್ಞರ ಮೇಜಿನಿಂದ ಕಾರ್ಮಿಕರ ಕೈಗೆ ದಾಟಿಸಿದ್ದು. ಕವೊರು ಇಶಿಕಾವಾ ಅವರ ಮುಂದಾಳತ್ವದಲ್ಲಿ 1962ರಿಂದ ಹಬ್ಬಿದ ಗುಣಮಟ್ಟ ವೃತ್ತಗಳಲ್ಲಿ ಏಳೆಂಟು ಜನ ಕೂತು ತಮ್ಮದೇ ಕೆಲಸದ ದೋಷಗಳನ್ನು ಹುಡುಕಿ ತಿದ್ದುತ್ತಿದ್ದರು. ದಿನದಿನವೂ ಚೂರುಚೂರೇ ಸುಧಾರಿಸುವ ‘ಕೈಜೆನ್’, ಬೇಡದ್ದನ್ನು ತೆಗೆ, ಇರುವುದನ್ನು ಜೋಡಿಸು, ಗುಡಿಸು, ಹಾಗೇ ಉಳಿಸು, ರೂಢಿ ಮಾಡು ಎನ್ನುವ ‘ಫೈವ್ ಎಸ್’ ಈಗ ಪೀಣ್ಯದ ಸಣ್ಣ ವರ್ಕ್‌ಶಾಪಿನ ಗೋಡೆಯ ಮೇಲೂ ಕಾಣಸಿಗುತ್ತವೆ.

ಕಚೇರಿಯ ಕ್ರಮ ಬೇರೆ. ಯಾವ ಪ್ರಸ್ತಾವವಾದರೂ ಕೆಳಗಿನ ಅಧಿಕಾರಿ ಬರೆದ ಟಿಪ್ಪಣಿಯಾಗಿ ಹುಟ್ಟಿ, ಸಂಬಂಧಪಟ್ಟ ಒಬ್ಬೊಬ್ಬರ ಮೊಹರು ಪಡೆಯುತ್ತ ಮೇಲೇರುತ್ತದೆ. ಅದಕ್ಕೂ ಮೊದಲು ಎಲ್ಲರನ್ನೂ ಪ್ರತ್ಯೇಕವಾಗಿ ಕಂಡು, ಒಪ್ಪಿಸಿ, ತಕರಾರು ಇದ್ದರೆ ಅಲ್ಲೇ ಬಗೆಹರಿಸಿರಬೇಕು. ಸಭೆ ಸೇರುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಸಭೆಯಲ್ಲಿ ಯಾರಾದರೂ ಎದ್ದು ವಿರೋಧಿಸಿದರೆ ಅದು ಪ್ರಸ್ತಾವ ತಂದವನ ಮುಖಭಂಗ. ತೀರ್ಮಾನಕ್ಕೆ ತಿಂಗಳುಗಟ್ಟಲೆ ಹಿಡಿದರೂ ಜಾರಿಗೆ ತಡವಾಗುವುದಿಲ್ಲ, ಯಾಕೆಂದರೆ ಆಗ ಅಡ್ಡಗಾಲು ಹಾಕುವವರೇ ಇರುವುದಿಲ್ಲ. ಹೊರಗಿನವರಿಗೆ ಕಾಣುವ ವಿನಯ, ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಪಡೆದು ಓದುವುದು, ಯಾರು ಎಷ್ಟು ಬಾಗಬೇಕೆಂಬ ಲೆಕ್ಕ, ಇವೆಲ್ಲ ಎದುರಿನವರ ಸ್ಥಾನ ಯಾವುದೆಂದು ತಿಳಿದುಕೊಳ್ಳುವ ದಾರಿಗಳು. ಸ್ಥಾನ ತಿಳಿಯದೆ ಮಾತಾಡಲು ಯಾವ ಕ್ರಿಯಾಪದ ಬಳಸಬೇಕೆಂದೇ ತೋಚದಷ್ಟು ಗೌರವಸೂಚಕ ರೂಪಗಳು ಆ ಭಾಷೆಯಲ್ಲಿವೆ. ಮೊಹರಿನ ಮೋಹವಂತೂ ವಿಪರೀತಕ್ಕೆ ಹೋಯಿತು. 2020ರ ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ಮಾಡಬೇಕಿದ್ದವರು ಕಾಗದಕ್ಕೆ ಮೊಹರು ಒತ್ತಲೆಂದೇ ರೈಲು ಹಿಡಿದು ಕಚೇರಿಗೆ ಹೋಗಬೇಕಾಯಿತು. ಆಗ ಆಡಳಿತ ಸುಧಾರಣಾ ಸಚಿವರಾಗಿದ್ದ ತಾರೊ ಕೋನೊ ಸರ್ಕಾರಿ ಕಡತಗಳಿಂದ ಮೊಹರು ತೆಗೆದುಹಾಕಲು ಹೊರಟಾಗ ಅದೇ ದೊಡ್ಡ ಸುದ್ದಿಯಾಯಿತು.

ಮಾನವಶಾಸ್ತ್ರಜ್ಞೆ ಚಿಯೆ ನಕಾನೆ 1967ರಲ್ಲಿ ಬರೆದ ಪುಸ್ತಕ ಈ ನಡವಳಿಕೆಗೆ ಕೊಟ್ಟ ವಿವರಣೆ ಭಾರತೀಯ ಓದುಗರಿಗೆ ವಿಶೇಷವಾಗಿ ರುಚಿಸುವಂಥದ್ದು. ಭಾರತದಲ್ಲಿ ಕ್ಷೇತ್ರಕಾರ್ಯ ಮಾಡಿದ್ದ ಅವರು ಎರಡೂ ಸಮಾಜಗಳನ್ನು ಎದುರುಬದುರು ಇಟ್ಟು ನೋಡಿದರು. ಭಾರತದಲ್ಲಿ ಮನುಷ್ಯನ ಗುರುತು ಜಾತಿ, ಕಸುಬಿನಂಥ ಲಕ್ಷಣದಿಂದ; ಆ ಗುರುತು ಊರು ದಾಟಿ ಅಡ್ಡಡ್ಡವಾಗಿ ಹಬ್ಬುತ್ತದೆ. ಜಪಾನಿನಲ್ಲಿ ಗುರುತು ಸೇರಿದ ಚೌಕಟ್ಟಿನಿಂದ. ಅಲ್ಲಿನವನು ತಾನು ಎಂಜಿನಿಯರ್ ಎನ್ನುವುದಕ್ಕಿಂತ ಮೊದಲು ಇಂಥ ಕಂಪನಿಯವನು ಎನ್ನುತ್ತಾನೆ. ಚೌಕಟ್ಟಿನ ಒಳಗೆ ಸಂಬಂಧಗಳೆಲ್ಲ ಮೇಲಿನಿಂದ ಕೆಳಕ್ಕೆ, ಹಿರಿಯನಿಂದ ಕಿರಿಯನಿಗೆ. ಇಡೀ ದೇಶವನ್ನು ಒಂದೇ ಸೂತ್ರಕ್ಕೆ ಇಳಿಸುವ ಇಂಥ ವಾದಗಳಿಗೆ ಅನಂತರದ ವಿದ್ವಾಂಸರು ಬೇಕಾದಷ್ಟು ಆಕ್ಷೇಪ ಎತ್ತಿದ್ದಾರೆ, ಅದು ಸರಿಯೂ ಹೌದು. ಆದರೂ ಜಪಾನಿನಲ್ಲಿ ಕಂಪನಿ ಬಿಟ್ಟವನು ಯಾಕೆ ಅಷ್ಟು ಒಂಟಿಯಾಗುತ್ತಾನೆ ಎಂಬುದಕ್ಕೆ ನಕಾನೆ ಕೊಟ್ಟಷ್ಟು ಸ್ಪಷ್ಟ ಉತ್ತರ ಬೇರೆ ಕಡೆ ಸಿಗುವುದು ಕಷ್ಟ.

ಈ ಶಿಸ್ತಿನ ತಾಲೀಮು ಶಾಲೆಯಲ್ಲೇ ಶುರು. ಮಕ್ಕಳೇ ತರಗತಿ, ಮೊಗಸಾಲೆ ಒರೆಸುತ್ತಾರೆ. ಬಿಳಿ ಟೊಪ್ಪಿ ಹಾಕಿಕೊಂಡು ಸರದಿಯಂತೆ ಸಹಪಾಠಿಗಳಿಗೆ ಊಟ ಬಡಿಸುತ್ತಾರೆ. ಶುಚಿತ್ವವನ್ನು ಪವಿತ್ರವೆನ್ನುವ ಶಿಂತೊ ನಂಬಿಕೆ, ಕಸ ಗುಡಿಸುವುದನ್ನೂ ಸಾಧನೆಯೆಂದು ಎಣಿಸುವ ಜೆನ್ ಮಠಗಳ ದಿನಚರಿ ಇದಕ್ಕೆ ಹಿನ್ನೆಲೆ. ಗುಡಿಸುವ ಕೆಲಸ ಕೀಳಲ್ಲವೆಂದ ಮಾತ್ರಕ್ಕೆ ಜಾತಿಯ ನೆರಳು ಅಲ್ಲಿ ಇರಲೇ ಇಲ್ಲವೆಂದಲ್ಲ. ಹೆಣ, ಚರ್ಮದ ಕೆಲಸ ಮಾಡುತ್ತಿದ್ದ ಬುರಾಕುಮಿನ್ ಜನರನ್ನು ಊರಾಚೆ ಇಟ್ಟ ಚರಿತ್ರೆ ಜಪಾನಿಗೂ ಇದೆ.

ರೈಲಿನಲ್ಲಿ ಈ ಶಿಸ್ತಿನ ಎರಡೂ ಮುಖ ಕಾಣುತ್ತವೆ. ಚಾಲಕ ಬಿಳಿ ಕೈಗವಸಿನ ಬೆರಳು ಚಾಚಿ ಸಿಗ್ನಲ್ ತೋರಿಸಿ, ಅದರ ಬಣ್ಣವನ್ನು ಗಟ್ಟಿಯಾಗಿ ಹೇಳುತ್ತಾನೆ. ಬೋಗಿಯಲ್ಲಿ ಅವನೊಬ್ಬನೇ ಇದ್ದರೂ ಹೇಳುತ್ತಾನೆ. ಕಣ್ಣು, ಕೈ, ಬಾಯಿ ಮೂರೂ ಕೂಡಿದರೆ ತಪ್ಪು ಕಡಿಮೆಯಾಗುತ್ತದೆ ಎಂಬುದು ಇದರ ಹಿಂದಿನ ಯುಕ್ತಿ. 2017ರ ನವೆಂಬರಿನಲ್ಲಿ ತ್ಸುಕುಬಾ ಎಕ್ಸ್‌ಪ್ರೆಸ್ ರೈಲೊಂದು 20 ಸೆಕೆಂಡ್ ಮೊದಲೇ ಹೊರಟಿದ್ದಕ್ಕೆ ಕಂಪನಿ ಕ್ಷಮೆ ಕೇಳಿದ್ದು ಜಗತ್ತಿನಾದ್ಯಂತ ಮೆಚ್ಚುಗೆಯ ಸುದ್ದಿಯಾಯಿತು. ಅದಕ್ಕೂ ಹನ್ನೆರಡು ವರ್ಷ ಮೊದಲಿನ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. 2005ರ ಏಪ್ರಿಲ್ 25ರಂದು ಅಮಗಸಾಕಿ ಬಳಿ 23 ವರ್ಷದ ಚಾಲಕ, ಸುಮಾರು ಒಂದೂವರೆ ನಿಮಿಷದ ವಿಳಂಬ ಸರಿದೂಗಿಸಲು ಹೋಗಿ, 70 ಕಿ.ಮೀ. ಮಿತಿಯ ತಿರುವನ್ನು ಗಂಟೆಗೆ 110 ಕಿ.ಮೀ.ಗೂ ಮೀರಿದ ವೇಗದಲ್ಲಿ ಹೊಕ್ಕ. ರೈಲು ಹಳಿ ತಪ್ಪಿ ವಸತಿ ಕಟ್ಟಡಕ್ಕೆ ನುಗ್ಗಿತು. ಅವನೂ ಸೇರಿ 107 ಜನ ಸತ್ತರು. ತಡ ಮಾಡಿದ ಚಾಲಕರನ್ನು ‘ಮರುತರಬೇತಿ’ಯ ಹೆಸರಿನಲ್ಲಿ ದಿನಗಟ್ಟಲೆ ಹಂಗಿಸಿ ಅವಮಾನಿಸುವ ರೂಢಿ ಆ ರೈಲನ್ನು ಓಡಿಸುತ್ತಿದ್ದ ಕಂಪನಿಯಲ್ಲಿ ಇತ್ತೆಂಬುದು ತನಿಖೆಯಲ್ಲಿ ಹೊರಬಂತು.

ಬೆಲೆ ತೆತ್ತವರು ಇನ್ನೂ ಇದ್ದಾರೆ. ಅತಿ ದುಡಿಮೆಯಿಂದ ಬರುವ ಸಾವಿಗೆ ‘ಕರೋಶಿ’ ಎಂಬ ಹೆಸರು 1970ರ ದಶಕದ ಕೊನೆಯ ಹೊತ್ತಿಗೆ ಬಳಕೆಗೆ ಬಂತು. ಹೆಸರಾಂತ ಜಾಹೀರಾತು ಸಂಸ್ಥೆಯೊಂದರ ಯುವ ಉದ್ಯೋಗಿ 2015ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಪ್ರಕರಣ ದೇಶವನ್ನೇ ಕಲಕಿತು. 2018ರಲ್ಲಿ ಬಂದ ಕಾಯ್ದೆ ಹೆಚ್ಚುವರಿ ದುಡಿಮೆಗೆ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆಯ ಮಿತಿ ಹಾಕಿತು. ವಿಶೇಷ ಸಂದರ್ಭವೆಂದರೆ ವರ್ಷಕ್ಕೆ 720 ಗಂಟೆಯವರೆಗೂ ಹೋಗಬಹುದು. ಇಷ್ಟನ್ನು ಸುಧಾರಣೆ ಎನ್ನಬೇಕಾಗಿ ಬಂತೆಂದರೆ ಮೊದಲಿನ ಸ್ಥಿತಿ ಹೇಗಿತ್ತೆಂದು ಊಹಿಸಬಹುದು. ಗಂಡ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವ ಈ ವ್ಯವಸ್ಥೆ ನಿಂತಿದ್ದದ್ದು ಮನೆಯಲ್ಲಿ ಹೆಂಡತಿ ಇರುತ್ತಾಳೆಂಬ ನಂಬಿಕೆಯ ಮೇಲೆ. ಸಮಾನ ಉದ್ಯೋಗಾವಕಾಶದ ಕಾಯ್ದೆ 1986ರಲ್ಲೇ ಜಾರಿಗೆ ಬಂದರೂ ವಿಶ್ವ ಆರ್ಥಿಕ ವೇದಿಕೆಯ 2024ರ ಲಿಂಗ ಅಸಮಾನತೆ ಪಟ್ಟಿಯ 146 ದೇಶಗಳಲ್ಲಿ ಜಪಾನಿನ ಸ್ಥಾನ 118.

1989ರ ಕೊನೆಗೆ ಷೇರುಪೇಟೆ ಉತ್ತುಂಗ ಮುಟ್ಟಿ ಕುಸಿದ ಮೇಲೆ ಹಳೆಯ ಒಪ್ಪಂದ ಸಡಿಲವಾಯಿತು. ನಿಕ್ಕೆ ಸೂಚ್ಯಂಕ ಅದೇ ಮಟ್ಟಕ್ಕೆ ಮರಳಲು 2024ರ ಫೆಬ್ರುವರಿಯವರೆಗೆ ಕಾಯಬೇಕಾಯಿತು. ಕಂಪನಿಗಳು ಹಳಬರನ್ನು ತೆಗೆಯಲಿಲ್ಲ, ಹೊಸಬರನ್ನು ಸೇರಿಸಿಕೊಳ್ಳಲಿಲ್ಲ. ಒಂದು ತಲೆಮಾರಿನ ಪದವೀಧರರು ಗುತ್ತಿಗೆ ಕೆಲಸದಲ್ಲೇ ವಯಸ್ಸು ಕಳೆದರು. 1990ರಲ್ಲಿ ನೌಕರರಲ್ಲಿ ಐದರಲ್ಲಿ ಒಂದು ಪಾಲಿನಷ್ಟಿದ್ದ ಕಾಯಂ ಅಲ್ಲದವರು ಈಗ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು. ಮೇಲಿನವರಿಗೆ ಎದುರಾಡದ ಸಂಸ್ಕೃತಿಯ ಇನ್ನೊಂದು ಫಲ ಹಗರಣಗಳು. ಒಲಿಂಪಸ್ ವರ್ಷಾನುಗಟ್ಟಲೆ ಬಚ್ಚಿಟ್ಟ ನಷ್ಟ 2011ರಲ್ಲಿ, ತೋಶಿಬಾದ ಉಬ್ಬಿಸಿದ ಲಾಭ 2015ರಲ್ಲಿ ಬಯಲಾದವು. ಟೊಯೋಟಾದ ಅಂಗಸಂಸ್ಥೆ ದೈಹತ್ಸು ಸುರಕ್ಷತಾ ಪರೀಕ್ಷೆಗಳಲ್ಲಿ ದಶಕಗಳ ಕಾಲ ಮೋಸ ಮಾಡಿದ್ದು ಹೊರಬಿದ್ದು, 2023ರ ಡಿಸೆಂಬರಿನಲ್ಲಿ ತನ್ನೆಲ್ಲ ವಾಹನಗಳ ರವಾನೆ ನಿಲ್ಲಿಸಿತು. ಹಗ್ಗ ಎಳೆದು ಸಾಲು ನಿಲ್ಲಿಸುವ ಧೈರ್ಯ ಕಾರ್ಖಾನೆಯ ನೆಲದಲ್ಲಿ ಇದ್ದಷ್ಟು ಅದರ ಮೇಲಿನ ಅಂತಸ್ತುಗಳಲ್ಲಿ ಇರಲಿಲ್ಲ.

ಜಪಾನಿನ ಮಾದರಿ ಕರ್ನಾಟಕಕ್ಕೂ ಹೊಸದಲ್ಲ. 1898ರಲ್ಲಿ ಜಪಾನ್ ನೋಡಿ ಬಂದ ಎಂ. ವಿಶ್ವೇಶ್ವರಯ್ಯನವರು ಕೈಗಾರಿಕೆ, ಶಿಕ್ಷಣದ ಮಾತು ಬಂದಾಗಲೆಲ್ಲ ಆ ದೇಶವನ್ನೇ ಉದಾಹರಿಸುತ್ತಿದ್ದರು. ಜಮ್ಷೆಡ್‌ಜಿ ಟಾಟಾ ಬೆಂಗಳೂರಿನ ರೇಷ್ಮೆ ಫಾರ್ಮಿಗೆ ಜಪಾನಿ ಪರಿಣತರನ್ನು ಕರೆಸಿದ್ದರು. 1991ರಿಂದ ಜಪಾನ್ ಸರ್ಕಾರದ ನೆರವಿನಲ್ಲಿ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ದ್ವಿತಳಿ ರೇಷ್ಮೆಯ ಕೆಲಸ ನಡೆದು, ಅದರ ಹುಳು ಸಾಕಣೆಯ ಕ್ರಮ ರೈತರ ಮನೆ ಸೇರಿತು. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್‌ನ ಬಿಡದಿ ಕಾರ್ಖಾನೆಗೆ ಕಾನ್‌ಬಾನ್, ಕೈಜೆನ್ ಎಲ್ಲ ಬಂದವು. 2007ರಲ್ಲಿ ಶುರುವಾದ ಅಲ್ಲಿನ ತರಬೇತಿ ಸಂಸ್ಥೆ ಹಳ್ಳಿಗಾಡಿನ ಬಡ ಮಕ್ಕಳನ್ನು ಆರಿಸಿ ಕೌಶಲ ಕಲಿಸುತ್ತದೆ. ಆದರೆ 2006, 2014, 2020ರಲ್ಲಿ ಅದೇ ಕಾರ್ಖಾನೆ ಮುಷ್ಕರ, ಲಾಕೌಟ್‌ಗಳನ್ನು ಕಂಡಿತು. ಮಾರುತಿ ಸುಜುಕಿಯ ಮನೇಸರ್ ಘಟಕದಲ್ಲಿ 2012ರಲ್ಲಿ ನಡೆದ ಹಿಂಸೆ ಒಬ್ಬ ಅಧಿಕಾರಿಯ ಜೀವ ತೆಗೆಯಿತು. ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನ್ ತಂದರೆ ಸಾಲದು. ಗುತ್ತಿಗೆ ಕಾರ್ಮಿಕನ ಅನಿಶ್ಚಿತತೆ ಹಾಗೇ ಇರುವಾಗ ಜಪಾನಿನಲ್ಲಿ ಶಿಸ್ತಿಗೆ ಪ್ರತಿಯಾಗಿ ಸಿಕ್ಕ ಭದ್ರತೆ ಇಲ್ಲಿ ಸಿಗುವುದಿಲ್ಲ. ಕೆಲಸದ ವಿಧಾನ ಹಡಗು ಹತ್ತಿ ಬರುತ್ತದೆ, ಅದರ ಹಿಂದಿನ ಒಪ್ಪಂದ ಬರುವುದಿಲ್ಲ.

ಜಪಾನಿಗೆ ಈಗ ಎದುರಾಗಿರುವುದು ಜನರ ಕೊರತೆ. 2008ರ ಸುಮಾರಿಗೆ 12.8 ಕೋಟಿ ಮುಟ್ಟಿದ ಜನಸಂಖ್ಯೆ ಇಳಿಯುತ್ತಲೇ ಇದೆ. 65 ದಾಟಿದವರು ನೂರಕ್ಕೆ 29ರಷ್ಟಿದ್ದಾರೆ. 2024ರಲ್ಲಿ ಹುಟ್ಟಿದ ಜಪಾನಿ ಮಕ್ಕಳ ಸಂಖ್ಯೆ ಏಳು ಲಕ್ಷಕ್ಕಿಂತ ಕಡಿಮೆ. ವಾರಸುದಾರರಿಲ್ಲದೆ ಲಾಭದಲ್ಲಿರುವ ಸಣ್ಣ ಉದ್ಯಮಗಳೂ ಬಾಗಿಲು ಹಾಕುತ್ತಿವೆ. ಯುವಕರು ಕಂಪನಿ ಬದಲಿಸುವುದನ್ನು ಈಗ ಯಾರೂ ದ್ರೋಹವೆನ್ನುವುದಿಲ್ಲ. ವೃದ್ಧರ ಆರೈಕೆ, ಕಟ್ಟಡ, ಹೊಲದ ಕೆಲಸಕ್ಕೆ ವಿಯೆಟ್ನಾಂ, ನೇಪಾಳ, ಇಂಡೋನೇಷ್ಯಾಗಳಿಂದ ಬಂದವರೂ ಸೇರಿ ಅಲ್ಲಿ ದುಡಿಯುತ್ತಿರುವ ವಿದೇಶಿಯರು 2024ರ ಅಕ್ಟೋಬರಿನಲ್ಲಿ ಸುಮಾರು 23 ಲಕ್ಷ. ‘ತಾಂತ್ರಿಕ ತರಬೇತಿ’ ಎಂಬ ಹೆಸರಿನಲ್ಲಿ 1993ರಿಂದ ನಡೆದು ಬಂದ ಯೋಜನೆಯಡಿ ಬಂದವರಿಗೆ ಮಾಲೀಕನನ್ನು ಬದಲಿಸುವ ಹಕ್ಕೇ ಇರಲಿಲ್ಲ. 2024ರ ಜೂನಿನಲ್ಲಿ ಸಂಸತ್ತು ಆ ಯೋಜನೆ ಕೈಬಿಡುವ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 2027ರಲ್ಲಿ ಜಾರಿಗೆ ಬರುವ ಹೊಸ ವ್ಯವಸ್ಥೆಯಲ್ಲಿ ಅವರು ನಿಗದಿತ ಕಾಲ ದುಡಿದ ಮೇಲೆ, ಷರತ್ತುಗಳಿಗೆ ಒಳಪಟ್ಟು, ಬೇರೆ ಕಂಪನಿಗೆ ಹೋಗಬಹುದು.